ಗುಲ್ಮಾರ್ಗ್‌ಗೆ ಸ್ಕೀ ಕಲಿಯೋಕೆ ಜನವರಿ ಸರಿನಾ?

ದಾವಣಗೆರೆ_ಬೆಣ್ಣೆ: ಜನವರಿ ಮೊದಲ ವಾರಕ್ಕೆ ರಜೆ ಹಾಕಿದ್ದೇನೆ. ಹಿಮ ಇರುತ್ತಾ? ಕಲಿಯೋರು ಗೊಂಡೋಲಾ (ಕೇಬಲ್ ಕಾರ್) ಹತ್ತಲೇಬೇಕಾ?

ಚಳಿಗಾಲದ_ಕಂಬಳಿ: 2024ರ ಜನವರಿಯಲ್ಲಿ ಹೋಗಿದ್ದೆ. ಬಯಲಿನ ತುಂಬ ಕಂದು ಹುಲ್ಲು, ಮಾರಾಯ್ರೇ! ಬಾಡಿಗೆಗೆ ತಂದ ಸ್ಕೀ ಬೂಟು ಹಾಕಿಕೊಂಡು ಒಣಮಣ್ಣಿನ ಮೇಲೆ ಟಕ್ ಟಕ್ ಅಂತ ನಡೆದೆ. ಕುದುರೆಯವನೊಬ್ಬ ನೋಡಿ ನಕ್ಕ. ತಿಂಗಳ ಕೊನೆಗೆ ಹಿಮ ಬಿತ್ತು, ಅಷ್ಟೊತ್ತಿಗೆ ನಾನು ಆಫೀಸಿನಲ್ಲಿದ್ದೆ. ಡಿಸೆಂಬರ್ 21ರಿಂದ 40 ದಿನ ಅಲ್ಲಿ ಚಿಲ್ಲಾಯ್ ಕಲಾನ್, ಕಡುಚಳಿಯ ಕಾಲ. ಆ ಲೆಕ್ಕವೂ ಈಗ ತಪ್ಪುತ್ತಿದೆ. ಫೆಬ್ರವರಿಗೆ ಹಾಕಿ.

ಗೊಂಡೋಲಾ ಬೇಡ. ಊರ ಪಕ್ಕದ ಸಣ್ಣ ಇಳಿಜಾರಲ್ಲೇ ಮೊದಲ ಪಾಠ. ಗೊಂಡೋಲಾದಲ್ಲಿ 1998ರಲ್ಲಿ ಶುರುವಾದ ಮೊದಲ ಹಂತ ಕಾಂಗ್‌ಡೂರಿಗೆ ಹೋಗುತ್ತೆ, 2005ರ ಎರಡನೇ ಹಂತ ಅಫರ್ವತ್ ಬೆಟ್ಟಕ್ಕೆ. ಅದು 3,900 ಮೀಟರ್‌ಗೂ ಮೇಲೆ, ಹೊಸಬರ ಜಾಗವಲ್ಲ.

ಹಳೇ_ಸ್ವೆಟರ್: ಫೆಬ್ರವರಿಯನ್ನೂ ಪೂರ್ತಿ ನಂಬಬೇಡಿ. 2025ರಲ್ಲಿ ಹಿಮ ಸಾಲದೆ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳನ್ನೇ ಮಾರ್ಚ್‌ಗೆ ಮುಂದೂಡಿದರು. ಹೋಟೆಲ್ ಕಟ್ಟಿದಷ್ಟು ಸುಲಭವಾಗಿ ಹಿಮ ತರೋಕಾಗಲ್ಲ ಅಲ್ವಾ? ಹಿಮ ಮಾಡೋ ಯಂತ್ರಕ್ಕೂ ನೀರು ಬೇಕು, ಚಳಿಯೂ ಬೇಕು.

ದಾವಣಗೆರೆ_ಬೆಣ್ಣೆ: ಸರಿ, ಫೆಬ್ರವರಿಗೆ ಬದಲಿಸ್ತೀನಿ. ಬೂಟು ಎಷ್ಟು ಬಿಗಿ ಇರಬೇಕು?

ಚಳಿಗಾಲದ_ಕಂಬಳಿ: ಹಿಮ್ಮಡಿ ಅಲ್ಲಾಡಬಾರದು. ಕಾಲುಚೀಲ ಒಂದೇ ಜೊತೆ ಸಾಕು. ನಾನು ಎರಡು ಹಾಕಿ ಕಾಲು ಮರಗಟ್ಟಿಸಿಕೊಂಡೆ.