ಸಹಾಯ ಬೇಕು: 2011ರ ತಾಲ್ಲೂಕು ಗಡಿಯ ಶೇಪ್‌ಫೈಲ್ (ನಕ್ಷೆಯ ಗಡಿಗೆರೆಗಳಿರುವ ಕಂಪ್ಯೂಟರ್ ಫೈಲ್)

ಎಲ್ಲರಿಗೂ ನಮಸ್ಕಾರ. 2011ರ ಜನಗಣತಿ ಇಟ್ಟುಕೊಂಡು ಹೆಣ್ಣುಮಕ್ಕಳ ಸಾಕ್ಷರತೆಯ ತಾಲ್ಲೂಕುವಾರು ನಕ್ಷೆ ಮಾಡ್ತಿದ್ದೀನಿ. ಜಿಲ್ಲೆಗಳ ನಡುವಿನ ಅಂತರವೇ ಕಣ್ಣಿಗೆ ರಾಚುತ್ತೆ: ಒಟ್ಟು ಸಾಕ್ಷರತೆ ದಕ್ಷಿಣ ಕನ್ನಡದಲ್ಲಿ ಶೇ. 88.57, ಯಾದಗಿರಿಯಲ್ಲಿ ಶೇ. 51.83. ಆದರೆ ಜಿಲ್ಲಾ ಸರಾಸರಿಯಲ್ಲಿ ಒಳಗಿನ ಏರುಪೇರು ಮುಚ್ಚಿಹೋಗುತ್ತೆ. ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ತಾಲ್ಲೂಕು ಮಟ್ಟಕ್ಕಿಳಿದು 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿತ್ತು. ಪರಿಶಿಷ್ಟ ಜಾತಿ, ಪಂಗಡದ ಅಂಕಿಗಳನ್ನೂ ಪ್ರತ್ಯೇಕವಾಗಿ ತೋರಿಸಲೇಬೇಕು ಅಂತ ನನ್ನ ಆಸೆ.

ತೊಡಕು ಗಡಿಯದು. ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ತೆರೆದ ಫೈಲಿನಲ್ಲಿ ಯಾದಗಿರಿ ಜಿಲ್ಲೆಯ ಹುಣಸಗಿ, ವಡಗೇರಾ, ಗುರುಮಠಕಲ್ ಬೇರೆ ತಾಲ್ಲೂಕುಗಳಾಗಿವೆ. ಇವು ಆಮೇಲೆ ಆದವು; ಜನಗಣತಿಯಲ್ಲಿ ಆ ಜಿಲ್ಲೆಗೆ ಸುರಪುರ, ಶಹಾಪುರ, ಯಾದಗಿರಿ ತಾಲ್ಲೂಕುಗಳಷ್ಟೇ. ಹೊಸ ಮೂರೂ ಖಾಲಿ ಬಿಳಿಯಾಗಿ ಕಾಣ್ತಿವೆ. ಹಳೆಯ ಗಡಿಯ ಶೇಪ್‌ಫೈಲ್ ಯಾರ ಹತ್ರನಾದ್ರೂ ಇದೆಯಾ? ಇಲ್ಲ ಅಂದ್ರೆ, ಹಳ್ಳಿ ಕೋಡ್ (ಜನಗಣತಿಯಲ್ಲಿ ಪ್ರತಿ ಹಳ್ಳಿಗೆ ಕೊಟ್ಟ ಸಂಖ್ಯೆ) ಹಿಡಿದು ಅಂಕಿಗಳನ್ನು ಹೊಸ ತಾಲ್ಲೂಕುಗಳಿಗೆ ಕೂಡಿಸಿದವರು ಇದ್ದರೆ ದಯವಿಟ್ಟು ದಾರಿ ತೋರಿಸಿ.