ಆಸನದ ಆಚೆಗಿನ ಯೋಗ: ಗೃಹಸ್ಥರಿಗೆ ಯಮಗಳ ಪಾಲನೆ ಸಾಧ್ಯವೇ?

ಪ್ರಶ್ನೆ:
ಹಲವು ವರ್ಷಗಳಿಂದ ಆಸನ, ಪ್ರಾಣಾಯಾಮಗಳನ್ನು ತಪ್ಪದೆ ಮಾಡುತ್ತಿದ್ದೇನೆ. ಈಚೆಗೆ ಪತಂಜಲಿಯ ಯೋಗಸೂತ್ರಗಳನ್ನು ಓದತೊಡಗಿದಾಗ, ಸುಮಾರು 195 ಸೂತ್ರಗಳಲ್ಲಿ ಆಸನವನ್ನು ನೇರವಾಗಿ ವಿವರಿಸುವವು ಮೂರೇ ಮೂರು ಎಂಬುದು ಗಮನಕ್ಕೆ ಬಂತು. ಅದಕ್ಕೂ ಮೊದಲೇ ಬರುವ ಅಹಿಂಸೆ, ಸತ್ಯ, ಅಸ್ತೇಯ (ಕದಿಯದಿರುವುದು), ಬ್ರಹ್ಮಚರ್ಯ, ಅಪರಿಗ್ರಹ (ಕೂಡಿಡದಿರುವುದು) ಎಂಬ ಐದು ಯಮಗಳನ್ನು ಜಾತಿ, ದೇಶ, ಕಾಲ, ಸಂದರ್ಭಗಳ ಕಟ್ಟಿಲ್ಲದೆ ಪಾಲಿಸಿದಾಗ ಅದು ಮಹಾವ್ರತವಾಗುತ್ತದೆ ಎಂದಿದೆ. ನೌಕರಿ, ಸಂಸಾರ ಎರಡನ್ನೂ ನಡೆಸುವವರಿಗೆ ಇದು ಸಾಧ್ಯವೇ? ಇಲ್ಲವಾದರೆ ನಾನು ಮಾಡುತ್ತಿರುವುದು ಬರಿಯ ವ್ಯಾಯಾಮವೇ?

ಉತ್ತರ 1:
ಆ ಸೂತ್ರಕ್ಕೆ ಯೋಗಸೂತ್ರಗಳ ಪ್ರಾಚೀನ ವ್ಯಾಖ್ಯಾನವಾದ ವ್ಯಾಸಭಾಷ್ಯ ಕೊಡುವ ಉದಾಹರಣೆಗಳನ್ನು ದಯವಿಟ್ಟು ಓದಿ. ಮೀನನ್ನಲ್ಲದೆ ಬೇರೇನನ್ನೂ ಕೊಲ್ಲದ ಬೆಸ್ತ, ತೀರ್ಥಕ್ಷೇತ್ರದಲ್ಲಿ ಕೊಲ್ಲೆನೆನ್ನುವವನು, ಚತುರ್ದಶಿಯಂದು ಕೊಲ್ಲೆನೆನ್ನುವವನು, ಇವರೆಲ್ಲರ ಅಹಿಂಸೆಗೂ ಒಂದೊಂದು ಎಲ್ಲೆಯಿದೆ. ನಮ್ಮ ಎಲ್ಲೆ ಎಲ್ಲಿದೆ ಎಂದು ಪ್ರಾಮಾಣಿಕವಾಗಿ ಗುರುತಿಸಿಕೊಳ್ಳುವುದರಿಂದಲೇ ಗೃಹಸ್ಥನ ಸಾಧನೆ ಆರಂಭವಾಗಬಹುದೆಂದು ನನ್ನ ನಂಬಿಕೆ. ಮುಂದೆ ಪತಂಜಲಿ ಹಿಂಸೆಯನ್ನು ತಾನೇ ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂದು ವಿಂಗಡಿಸುತ್ತಾರೆ. ಅವು ಲೋಭ, ಕ್ರೋಧ, ಮೋಹಗಳಿಂದ ಹುಟ್ಟಿ ಮೃದು, ಮಧ್ಯಮ, ತೀವ್ರವಾಗಿರುತ್ತವೆ. ಭಾಷ್ಯಕಾರರು ಇವನ್ನು ಗುಣಿಸುತ್ತ 81 ಬಗೆಗಳವರೆಗೆ ಹೋಗುತ್ತಾರೆ. ಈ ಲೆಕ್ಕದಲ್ಲಿ ನಮಗೆ ಅತ್ಯಂತ ಹತ್ತಿರದ್ದು ಅನುಮೋದನೆ. ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಯಾರನ್ನೋ ಹೀಯಾಳಿಸುವ ಸಂದೇಶ ಬಂದಾಗ, ಅದನ್ನು ಬರೆದವರು ನಾವಲ್ಲವಾದರೂ ನಗುಮುಖದ ಚಿಹ್ನೆಯೊಂದನ್ನು ಒತ್ತಿಬಿಡುತ್ತೇವಲ್ಲ, ಅಲ್ಲಿಯೂ ಹಿಂಸೆಯಿದೆ.

ಉತ್ತರ 2:
ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ದೋಷಗಳ ಎಣಿಕೆಯಿಂದಲೇ ಆರಂಭಿಸಿದರೆ ಮನಸ್ಸು ಕುಗ್ಗೀತು. ಯೋಗಸೂತ್ರಗಳ ಮೊದಲ ಅಧ್ಯಾಯವಾದ ಸಮಾಧಿಪಾದದಲ್ಲಿ ಚಿತ್ತಪ್ರಸಾದಕ್ಕೆ, ಅಂದರೆ ಮನಸ್ಸಿನ ಪ್ರಸನ್ನತೆಗೆ, ಹೇಳಿದ ಸೂತ್ರವೊಂದಿದೆ: ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ (ಸಂತೋಷ), ಪಾಪಿಗಳಲ್ಲಿ ಉಪೇಕ್ಷೆ. ಜೊತೆಯವರಿಗೆ ಬಡ್ತಿ ಸಿಕ್ಕ ಸುದ್ದಿ ಕೇಳಿದ ಕ್ಷಣ ಎದೆಯಲ್ಲಿ ಮೊದಲು ಏಳುವ ಭಾವ ಯಾವುದೆಂದು ನೋಡಿಕೊಳ್ಳಿ. ಮೈತ್ರಿಯನ್ನು ರೂಢಿಸಿಕೊಳ್ಳಲು ಅಲ್ಲಿಯೇ ಅವಕಾಶವಿದೆ. ಆಸನವನ್ನೂ ಬರಿಯ ವ್ಯಾಯಾಮವೆಂದು ತಳ್ಳಿಹಾಕಬೇಡಿ. ಅದು ಸಿದ್ಧಿಸಿದರೆ ಶೀತೋಷ್ಣಾದಿ ದ್ವಂದ್ವಗಳ ಬಾಧೆಯಿಲ್ಲವೆಂದು ಪತಂಜಲಿಯೇ ಹೇಳಿದ್ದಾರೆ. ಮೈಸೂರಿನಲ್ಲಿ ಆಸನಗಳನ್ನು ಕಲಿಸಿ ಹೆಸರಾದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲಿ ಪ್ರಕಟಿಸಿದ ‘ಯೋಗ ಮಕರಂದ’ದಲ್ಲಿಯೂ ಯಮ, ನಿಯಮಗಳ ವಿವರಣೆಯಿದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ಕೆಟ್ಟದ್ದನ್ನು ಉಪೇಕ್ಷಿಸಿ ಸುಮ್ಮನಿದ್ದರೆ ಅದೂ ಅನುಮೋದನೆಯೇ ಆಗುವುದಿಲ್ಲವೇ?

ಉತ್ತರ 1:
ನಾನು ತಿಳಿದಂತೆ, ಉಪೇಕ್ಷೆ ಚಿತ್ತದ ಪ್ರಸನ್ನತೆಗಾಗಿ ಹೇಳಿದ್ದು. ಅದು ಬಾಯಿಗೆ ಹಾಕಿದ ಬೀಗವಲ್ಲ. ಮಾತು ಸರ್ವಭೂತಗಳ ಉಪಕಾರಕ್ಕಾಗಿ ಹೊರಡಬೇಕೇ ಹೊರತು ಘಾತಕ್ಕಾಗಿ ಅಲ್ಲವೆಂದು ಸತ್ಯವನ್ನು ವಿವರಿಸುವಾಗ ವ್ಯಾಸಭಾಷ್ಯ ಹೇಳುತ್ತದೆ. ಆದ್ದರಿಂದ ಆ ಸಂದೇಶದಿಂದ ನೋಯುವವರ ಹಿತವನ್ನು ಮನಸ್ಸಿನಲ್ಲಿಟ್ಟುಕೊಂಡು, ಕಳುಹಿಸಿದವರನ್ನು ಎಲ್ಲರೆದುರು ಸೋಲಿಸುವ ಹಟವಿಲ್ಲದೆ, ಅವರಿಗೆ ಪ್ರತ್ಯೇಕವಾಗಿ ಎರಡು ಸಾಲು ಬರೆಯಿರಿ.