ಟೀವೀಲಿ ಬೇರೆ ದೇಶದ ತರಕಾರಿ ತೋಟ ನೋಡ್ತಿದ್ದೀವಿ, ನಮ್ಮಲ್ಲಿ ಯಾವುದು ಆಗುತ್ತೆ?

ಪಾತಿಪ್ರಿಯೆ, ಮೈಸೂರು

ಎಲ್ಲರಿಗೂ ನಮಸ್ಕಾರ. ಮನೆ ಹಿಂದೆ ಒಂದಿಷ್ಟು ಜಾಗ ಇದೆ, ಮೇಲೆ ಟೆರೇಸ್ ಇದೆ. ರಾತ್ರಿ ಊಟ ಆದ್ಮೇಲೆ ನಾನೂ ಅಮ್ಮನೂ ಸೀರಿಯಲ್ ಬಿಟ್ಟು ತೋಟದ ಪ್ರೋಗ್ರಾಂ ನೋಡೋಕೆ ಕೂರ್ತೀವಿ, ಈಗ ಅದೇ ಅಭ್ಯಾಸ ಆಗೋಗಿದೆ. ಬಿಬಿಸಿಯ ಗಾರ್ಡನರ್ಸ್ ವರ್ಲ್ಡ್ 1968ರಿಂದ ಬರ್ತಿದೆಯಂತೆ, ಅದನ್ನ ನಡೆಸಿಕೊಡೋ ಮಾಂಟಿ ಡಾನ್ ಅವರೇ 2008ರಲ್ಲಿ ದೇಶ ದೇಶ ಸುತ್ತಿ 80 ತೋಟ ತೋರಿಸಿದ ಸರಣಿ ಒಂದಿದೆ, ಅದರಲ್ಲಿ ಕ್ಯೂಬಾದ ಹವಾನಾ ಊರೊಳಗಿನ ತರಕಾರಿ ತೋಟ ಬಂದಾಗ ಅಮ್ಮ ಎದ್ದು ಕೂತ್ರು. ಅರಮನೆ ತೋಟ, ಕಾರಂಜಿ, ಕತ್ತರಿಸಿದ ಬೇಲಿ ಬಂದ್ರೆ "ಚೆನ್ನಾಗಿದೆ" ಅಂತ ಸುಮ್ನಿರೋರು ಇದನ್ನ ನೋಡಿ "ಮಡಿ ಯಾಕೆ ಅಷ್ಟೆತ್ತರ ಕಟ್ಟಿದ್ದಾರೆ, ಅಷ್ಟು ಗೊಬ್ಬರ ಎಲ್ಲಿಂದ ತರ್ತಾರೆ, ತರಕಾರಿ ಮಧ್ಯೆ ಚೆಂಡು ಹೂ ಯಾಕೆ" ಅಂತ ಒಂದರ ಮೇಲೊಂದು ಕೇಳಿದ್ರು, ನನಗೆ ಒಂದಕ್ಕೂ ಉತ್ತರ ಗೊತ್ತಿರ್ಲಿಲ್ಲ.

ಗೊತ್ತಿರೋರು ಸ್ವಲ್ಪ ಹೇಳಿ. ಹಾಗೇ ಬೇರೆ ದೇಶದ ಯಾವ ತೋಟ ನೋಡಿದ್ರೆ ನಮ್ಮಂಥವರಿಗೆ ಕಲಿಯೋಕೆ ಸಿಗುತ್ತೆ, ಯಾವುದು ಇಲ್ಲಿ ಆಗೋದೇ ಇಲ್ಲ, ಅದನ್ನೂ ತಿಳಿಸಿ. ವಿದೇಶದಲ್ಲಿ ಇರೋ ಕನ್ನಡದೋರು ಇದ್ರೆ ಖಂಡಿತ ಬರೀರಿ.

ಕೆರೆಗೋಡು, ಮಂಡ್ಯ ಜಿಲ್ಲೆ

ನಿಮ್ಮಮ್ಮ ಕೇಳಿರೋದು ಬೇಸಾಯ ಗೊತ್ತಿರೋರು ಕೇಳೋ ಪ್ರಶ್ನೆ ಮೇಡಂ. ಕ್ಯೂಬಾದ ಕತೆ ಏನಂದ್ರೆ 1991ರಲ್ಲಿ ಸೋವಿಯತ್ ಒಕ್ಕೂಟ ಬಿದ್ದೋಯ್ತಲ್ಲ, ಇವರಿಗೆ ಡೀಸೆಲ್, ರಸಗೊಬ್ಬರ, ಟ್ರ್ಯಾಕ್ಟರ್ ಸ್ಪೇರು ಎಲ್ಲಾ ಅಲ್ಲಿಂದಲೇ ಬರ್ತಿದ್ದಿದ್ದು, ಅದು ನಿಂತೋಯ್ತು, ಮೇಲೆ ಅಮೆರಿಕದ ದಿಗ್ಬಂಧನ ಬೇರೆ. ಹಳ್ಳಿಯಿಂದ ಊರಿಗೆ ತರಕಾರಿ ತರೋಕೆ ಲಾರಿಗೆ ಎಣ್ಣೆ ಇಲ್ಲ. ಜನ ಹಸ್ಕೊಂಡು, ಖಾಲಿ ಸೈಟು, ಕಸ ಹಾಕ್ತಿದ್ದ ಜಾಗ ಎಲ್ಲಾ ಹಸನು ಮಾಡಿ ಅಲ್ಲೇ ಬೆಳೆಯೋಕೆ ಶುರು ಮಾಡಿದ್ರು. ಆ ಜಾಗದ ಮಣ್ಣು ಕೆಲಸಕ್ಕೆ ಬಾರದ್ದು, ಬರೀ ಕಲ್ಲು ಗಾರೆ, ಅದಕ್ಕೇ ಸುತ್ತ ಸಿಮೆಂಟ್ ಬ್ಲಾಕ್ ನಿಲ್ಲಿಸಿ ಒಳಗೆ ಕಾಂಪೋಸ್ಟು ಎರೆಗೊಬ್ಬರ ತುಂಬಿಸಿ ಮಡಿ ಎತ್ತರ ಮಾಡಿದ್ದು. ಅದಕ್ಕೆ ಅಲ್ಲಿ ಆರ್ಗಾನೊಪೋನಿಕೊ ಅಂತಾರೆ. ಹವಾನಾದ ಅಲಮಾರ್ ಅನ್ನೋ ಬಡಾವಣೆಯಲ್ಲಿ 1997ರಲ್ಲಿ ಶುರುವಾದ ಸಹಕಾರಿ ತೋಟ ಇದರಲ್ಲಿ ಹೆಸರುವಾಸಿ, ಸುತ್ತ ಅಪಾರ್ಟ್‌ಮೆಂಟು, ಮಧ್ಯೆ ಸೊಪ್ಪಿನ ಮಡಿಗಳು, ಕಿತ್ತಿದ್ದನ್ನ ಅಲ್ಲೇ ಅಂಗಡಿ ಇಟ್ಟು ಮಾರ್ತಾರೆ. ಅಂಚಲ್ಲಿ ಮುಸುಕಿನ ಜೋಳ, ಮಧ್ಯೆ ಚೆಂಡು ಹೂ, ಕಾಮಕಸ್ತೂರಿ ಥರದ್ದು, ಎಲ್ಲಾ ಹುಳದ ಕಾಟಕ್ಕೆ. ನಮ್ಮ ಬೇವನ್ನೂ ಅಲ್ಲಿ ನೆಟ್ಟು ಔಷಧಿ ಮಾಡ್ಕೋತಾರೆ. ಹಾಗಂತ ಇಡೀ ದೇಶದ ಊಟ ಇದರಿಂದಲೇ ಅಂತ ತಿಳ್ಕೋಬೇಡಿ, ಅಕ್ಕಿ ಗೋಧಿ ಇವತ್ತಿಗೂ ಹೊರಗಿಂದ ತರಿಸ್ತಾರೆ.

ಚೆಂಡು ಹೂ ನಮ್ಮಲ್ಲೂ ಇದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳೋದು 16 ಸಾಲು ಟೊಮ್ಯಾಟೊಗೆ ಒಂದು ಸಾಲು ಚೆಂಡು ಹೂ, ಹೂವಿನ ಸಸಿ 45 ದಿನದ್ದು, ಟೊಮ್ಯಾಟೊ ಸಸಿ 25 ದಿನದ್ದು, ಎರಡನ್ನೂ ಒಂದೇ ದಿನ ನೆಡ್ಬೇಕು, ಆಗ ಎರಡೂ ಒಟ್ಟಿಗೆ ಹೂ ಬಿಡುತ್ತೆ, ಕಾಯಿಕೊರಕದ ಚಿಟ್ಟೆ ಟೊಮ್ಯಾಟೊ ಬಿಟ್ಟು ಚೆಂಡು ಹೂವಿಗೆ ಹೋಗಿ ಮೊಟ್ಟೆ ಇಡುತ್ತೆ.

ಕ್ಯೂಬಾ ಆದ್ಮೇಲೆ ಮೆಕ್ಸಿಕೊದ್ದು ನೋಡಿ, ನನಗೆ ಅದರ ಮೇಲೇ ಪ್ರೀತಿ ಜಾಸ್ತಿ. ಮೆಕ್ಸಿಕೊ ಸಿಟಿ ಪಕ್ಕ ಸೋಚಿಮಿಲ್ಕೊ ಅಂತ, 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ತೇಲೋ ತೋಟ ಅಂತಾರೆ ಆದ್ರೆ ಅದು ತೇಲಲ್ಲ, ಕೆರೆ ನೀರಲ್ಲಿ ಗೂಟ ಹೊಡೆದು ಕೆಸರು, ಜೊಂಡು ಪದರ ಪದರ ತುಂಬಿಸಿ ಮಾಡಿದ ಗದ್ದೆ, ಅಂಚು ಕುಸೀಬಾರದು ಅಂತ ಒಂದು ಥರದ ವಿಲ್ಲೋ ಮರ ನೆಟ್ಟಿರ್ತಾರೆ. ಸಸಿ ಮಾಡೋದನ್ನ ಹತ್ರದಿಂದ ನೋಡ್ಬೇಕು: ಕಾಲುವೆ ತಳದ ಕೆಸರನ್ನ ದೋಣಿಯಲ್ಲಿ ತಂದು ಹರಡಿ, ಸ್ವಲ್ಪ ಗಟ್ಟಿಯಾದ ತಕ್ಷಣ ಚಾಕು ಹಾಕಿ ಬರ್ಫಿ ಥರ ಚೌಕ ಚೌಕ ಕೊಯ್ದು, ಒಂದೊಂದರಲ್ಲೂ ಬೆರಳಲ್ಲಿ ಕುಳಿ ಮಾಡಿ ಬೀಜ ಇಡ್ತಾರೆ. ಮೊಳೆತ ಮೇಲೆ ಆ ಚೌಕಾನೇ ಎತ್ತಿ ನೆಡೋದು, ಬೇರಿಗೆ ಪೆಟ್ಟೇ ಬೀಳಲ್ಲ, ಪ್ಲಾಸ್ಟಿಕ್ ಟ್ರೇನೂ ಬೇಡ. ಹೀಗೆ ಕೆರೆಯ ಹೂಳು ಹೊಲಕ್ಕೆ ಹೊಡೆಯೋದು ನಮ್ಮ ಹಿರೀಕರಿಗೂ ಗೊತ್ತಿತ್ತು. ಆದ್ರೆ ಸಿಟಿ ಕೆರೆ ಹೂಳು ಮಾತ್ರ ತರ್ಬೇಡಿ, ಚರಂಡಿ ನೀರು ಸೇರಿರುತ್ತೆ.

ಲೆಸ್ಟರ್ ಕನ್ನಡಿಗ

ಇಂಗ್ಲೆಂಡಿಂದ ನನ್ನದೂ ಒಂದೆರಡು ಮಾತು. ಗಾರ್ಡನರ್ಸ್ ವರ್ಲ್ಡ್ ನೋಡಿ ಆದ್ರೆ ಅದರ ಕ್ಯಾಲೆಂಡರ್ ಇಟ್ಕೊಂಡು ಮೈಸೂರಲ್ಲಿ ಬಿತ್ತಬೇಡಿ. ಇಲ್ಲಿ ಮೇ ತಿಂಗಳವರೆಗೂ ಹಿಮ ಬೀಳೋ ಭಯ ಇರುತ್ತೆ, ಅದಕ್ಕೇ ಫೆಬ್ರವರಿ ಮಾರ್ಚಲ್ಲಿ ಟೊಮ್ಯಾಟೊ ಬೀಜ ಮನೆಯೊಳಗೆ ಕಿಟಕಿ ಹತ್ರ ಮೊಳೆಸ್ತಾರೆ. "ಪೂರ್ತಿ ಬಿಸಿಲಲ್ಲಿ ಇಡಿ" ಅಂತ ಅವರು ಹೇಳೋದು ಇಲ್ಲಿನ ಬಿಸಿಲಿಗೆ, ನಿಮ್ಮ ಏಪ್ರಿಲ್ ಬಿಸಿಲಲ್ಲಿ ಟೆರೇಸ್ ಮೇಲಿಟ್ರೆ ಸಸಿ ಬೆಂದೋಗುತ್ತೆ, ಶೇಡ್ ನೆಟ್ ಬೇಕೇ ಬೇಕು. ರಟ್ಟು ಹಾಸಿ ಮೇಲೆ ಕಾಂಪೋಸ್ಟ್ ಸುರಿದು ಅಗೆಯದೇ ಬೆಳೆಯೋ ಪದ್ಧತೀನೂ ಇಲ್ಲಿ ಟೀವೀಲಿ ತುಂಬ ತೋರಿಸ್ತಾರೆ, ಒಳ್ಳೇದೇ, ಆದ್ರೆ ನಮ್ಮೂರಲ್ಲಿ ರಟ್ಟು ಕಂಡ್ರೆ ಗೆದ್ದಲು ಬಿಡುತ್ತಾ?

ನೀವು ನೋಡಲೇಬೇಕಾಗಿರೋದು ಅಲಾಟ್‌ಮೆಂಟ್. ಊರಿನ ಕೌನ್ಸಿಲ್‌ನೋರು ವರ್ಷಕ್ಕೆ ಬಾಡಿಗೆ ತಗೊಂಡು ತರಕಾರಿ ಬೆಳೆಯೋಕೆ ತುಂಡು ಜಾಗ ಕೊಡ್ತಾರೆ, ಹಳೇ ಲೆಕ್ಕದಲ್ಲಿ ಒಂದು ತುಂಡು ಸುಮಾರು 250 ಚದರ ಮೀಟರ್, 1908ರಲ್ಲೇ ಇದಕ್ಕೆ ಕಾನೂನು ಆಗಿದೆ, ಎರಡನೇ ಮಹಾಯುದ್ಧದಲ್ಲಿ ಊಟದ ಸಾಮಾನು ಕಮ್ಮಿ ಆದಾಗ ಪಾರ್ಕು ಹುಲ್ಲುಹಾಸು ಅಗೆದೂ ಬೆಳೆದಿದ್ದಾರೆ. ನಮ್ಮ ಲೆಸ್ಟರಲ್ಲಿ ಗುಜರಾತಿಗಳು ಕೊತ್ತಂಬರಿ, ಮೆಂತ್ಯ ಬೆಳೆಯೋದು ನೋಡ್ಬೇಕು ನೀವು. ಬೇಸಿಗೇಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತೆ, ಕೆಲಸ ಮುಗಿಸಿ ಹೋಗಿ ನೀರು ಹಾಕಿ ಪಕ್ಕದೋರ ಜೊತೆ ಸಸಿ ಬದಲಾಯಿಸ್ಕೊಂಡು ಬರ್ತೀವಿ. ನಮ್ಮ ಕಾರ್ಪೊರೇಷನ್‌ನೋರು ಖಾಲಿ ಬಿದ್ದಿರೋ ಸಿಎ ಸೈಟುಗಳಲ್ಲಿ (ಸಾರ್ವಜನಿಕ ಸೌಲಭ್ಯಕ್ಕೆ ಅಂತ ಬಿಟ್ಟಿರೋ ಜಾಗ) ಇದನ್ನ ಮಾಡ್ಲಿ ಅಂತ ನನಗೆ ಬಹಳ ಆಸೆ.

ಅಂದಹಾಗೆ ಇಲ್ಲಿ ಕುಂಡಕ್ಕೆ ತುಂಬೋಕೆ ಜವುಗು ನೆಲದ ಪೀಟ್ (ಅರೆಕೊಳೆತ ಗಿಡಗಳ ಮಣ್ಣು) ಅಗೆಯೋದು ಪರಿಸರಕ್ಕೆ ಕೆಟ್ಟದು ಅಂತ ಅದರ ಬದಲು ಭಾರತ, ಶ್ರೀಲಂಕಾದಿಂದ ಹಡಗಲ್ಲಿ ಬರೋ ತೆಂಗಿನ ನಾರಿನ ಪುಡಿ ಬಳಸ್ತಾರೆ. ತಿಪಟೂರು, ಅರಸೀಕೆರೆ ಕಡೆ ಅದು ನಿಮಗೆ ಹತ್ರದಲ್ಲೇ ಸಿಗುತ್ತೆ, ಚೆನ್ನಾಗಿ ತೊಳೆದು ಉಪ್ಪಿನಂಶ ತೆಗೆದು ಬಳಸಿ.

ಬ್ರಿಸ್ಬೇನ್ ಹಿತ್ತಲು

ಅಕ್ಕಾ, ನೀವು ಗಾರ್ಡನಿಂಗ್ ಆಸ್ಟ್ರೇಲಿಯಾ ನೋಡಿ. ಎಬಿಸಿ ಚಾನೆಲ್ಲಲ್ಲಿ 1990ರಿಂದ ಬರ್ತಿದೆ, ಈಗ ಉದ್ದ ಗಡ್ಡದ ಕೋಸ್ಟಾ ಅವರು ನಡೆಸಿಕೊಡ್ತಾರೆ. ಅದರಲ್ಲಿ ಬ್ರಿಸ್ಬೇನ್, ಕ್ವೀನ್ಸ್‌ಲ್ಯಾಂಡ್ ಕಡೆ ತೋಟ ಬಂದಾಗ ಗಮನ ಕೊಡಿ, ಹವೆ ನಮ್ಮೂರಿಗೆ ಹತ್ರ, ಕರಿಬೇವು, ಅರಿಶಿನ, ಕೆಸು, ಮಾವು ಎಲ್ಲಾ ಬರುತ್ತೆ. ಋತು ಮಾತ್ರ ಉಲ್ಟಾ, ಸೆಪ್ಟೆಂಬರಲ್ಲಿ ವಸಂತ. ಬಾಳೆಗೆ ರೋಗ ಹರಡುತ್ತೆ ಅಂತ ಹಿತ್ತಲಲ್ಲಿ ನೆಡೋಕೂ ಇಲ್ಲಿ ಸರ್ಕಾರದ ನಿಯಮ ಇದೆ. ಇದನ್ನ ಓದೋರು ಯಾರಾದ್ರೂ ಮಕ್ಕಳ ಮನೆಗೆ ಬರ್ತಿದ್ರೆ ದಯವಿಟ್ಟು ಕೇಳದೆ ಬೀಜ ತರ್ಬೇಡಿ, ಏರ್‌ಪೋರ್ಟಲ್ಲಿ ತೋರಿಸದೆ ಸಿಕ್ಕಿಬಿದ್ರೆ ದಂಡ ಜೋರು.

ಪಾತಿಪ್ರಿಯೆ, ಮೈಸೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಅಮ್ಮಂಗೆ ಒಂದೊಂದೇ ಓದಿ ಹೇಳಿದೆ. ಮಳೆ ಹಿಡಿಯೋ ಮುಂಚೆ ಇಟ್ಟಿಗೆ ಇಟ್ಟು ಹವಾನಾ ಥರ ಒಂದು ಮಡಿ ಮಾಡೋಣ ಅಂತಿದ್ದಾರೆ. ಕೆರೆಗೋಡು ಸರ್, ಎಷ್ಟೆತ್ತರ ಬೇಕು? ಮತ್ತೆ ಮೆಕ್ಸಿಕೊ ಕಡೆಯ ತರಕಾರಿ ಒಂದಾದ್ರೂ ಹಾಕ್ಬೇಕಂತೆ ಅವರಿಗೆ, ಏನು ಹಾಕ್ಲಿ?

ಕೆರೆಗೋಡು, ಮಂಡ್ಯ ಜಿಲ್ಲೆ

ಸೊಪ್ಪಿಗೆ ಒಂದು ಗೇಣು ಸಾಕು, ಬದನೆ, ಟೊಮ್ಯಾಟೊಗೆ ಒಂದೂವರೆ. ಅಗಲ ಮಾತ್ರ ಎರಡೂ ಕಡೆಯಿಂದ ಕೈ ಹಾಕಿದ್ರೆ ಮಧ್ಯಕ್ಕೆ ಎಟುಕೋ ಅಷ್ಟೇ ಇರ್ಲಿ, ಮಡಿ ತುಳೀಬಾರದು. ತಳಕ್ಕೆ ಸಿಮೆಂಟ್ ಹಾಕ್ಬೇಡಿ, ನೀರು ಇಳೀಬೇಕು.

ಮೆಕ್ಸಿಕೊದ್ದು ನಿಮ್ಮನೇಲಿ ಈಗಲೇ ಇದೆ ಮೇಡಂ, ಮೆಣಸಿನಕಾಯಿ, ಮುಸುಕಿನ ಜೋಳ, ಸೀಮೆಬದನೆ ಎಲ್ಲಾ ಆ ಕಡೆಯವೇ. ಅಮ್ಮಂಗೆ ಸೀಮೆಬದನೆ ಹಾಕೋಕೆ ಹೇಳಿ. ಅದಕ್ಕೆ ಬೀಜ ಬೇರೆ ತರೋ ಹಾಗಿಲ್ಲ, ಚೆನ್ನಾಗಿ ಬಲಿತ ಕಾಯಿ ತಂದು ಅಡುಗೆ ಮನೆ ಮೂಲೇಲಿಟ್ರೆ ತುದಿ ಬಿರಿದು ಮೊಳಕೆ ಬರುತ್ತೆ, ಆಮೇಲೆ ಇಡೀ ಕಾಯಿನೇ ಓರೆಯಾಗಿ ಅರ್ಧ ಹೂಳಿ. ಚಪ್ಪರ ಮೊದಲೇ ಗಟ್ಟಿಯಾಗಿ ಹಾಕಿಸಿ, ಬಳ್ಳಿ ಹಬ್ಬಿದ ಮೇಲೆ ಹಾಕೋಕಾಗಲ್ಲ.